ಗರಡಿ ಮನೆಯ ಮಜ್ಜಿಗೆ

ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲಿ ಬೆಳಗಿನ ಜಾವ ಓಟದ ಅಭ್ಯಾಸಕ್ಕೆ ಬರುವ ಹುಡುಗ ಹುಡುಗಿಯರ ಚೀಲದಲ್ಲಿ ನೀರಿನ ಸೀಸೆಯ ಜೊತೆಗೆ ಈಗೀಗ ಇನ್ನೊಂದು ಪುಟ್ಟ ಸೀಸೆಯೋ ಮಾತ್ರೆಯ ಡಬ್ಬಿಯೋ ಇರುವುದುಂಟು. ಅದರ ಮೇಲೆ ‘ಪ್ರೋಬಯಾಟಿಕ್’ ಎಂದು ಅಚ್ಚಾಗಿರುತ್ತದೆ. ಏನಿದು ಎಂದು ವಿಚಾರಿಸಿದರೆ, ಹೊಟ್ಟೆಗೆ ಹೋಗಿ ಒಳ್ಳೆಯದನ್ನು ಮಾಡುವ ಜೀವಂತ ಸೂಕ್ಷ್ಮಾಣುಗಳು ಎಂಬ ಉತ್ತರ ಬರುತ್ತದೆ. ಇದನ್ನು ಕೇಳಿದ ಹಳ್ಳಿಯ ಅಜ್ಜಿ, “ಅಷ್ಟೇನಾ? ಅದು ನಮ್ಮ ಮಜ್ಜಿಗೆ ಗಡಿಗೇಲಿ ಇತ್ತಲ್ಲಪ್ಪ” ಎಂದರೆ ಆಶ್ಚರ್ಯಪಡಬೇಕಾದ್ದಿಲ್ಲ. ಅಜ್ಜಿಯ ಮಾತಿನಲ್ಲಿ ಅರ್ಧ ನಿಜವಿದೆ. ಸೀಸೆಯ ಮೇಲಿನ ಮಾತಿನಲ್ಲಿಯೂ ಇರುವುದು ಸುಮಾರು ಅಷ್ಟೇ. ಆದರೆ ಅಜ್ಜಿ ಆಡಿದ ‘ಇತ್ತು’ ಎಂಬ ಭೂತಕಾಲದ ಮಾತು ಮಾತ್ರ ಪೂರ್ತಿ ನಿಜ. ಗಡಿಗೆಯಲ್ಲಿ ಇದ್ದದ್ದು ಗಡಿಗೆಯಿಂದ ಹೇಗೆ ಹೋಯಿತು, ಔಷಧದ ಅಂಗಡಿಗೆ ಹೇಗೆ ಬಂದಿತು ಎಂಬುದು ಒಂದು ಇತಿಹಾಸ. ಅದನ್ನು ಹೇಳಬೇಕಾದರೆ ಗರಡಿ ಮನೆಯಿಂದಲೇ ಆರಂಭಿಸಬೇಕು.

ನಮ್ಮ ಸೀಮೆಯ ಮೊದಲ ವ್ಯಾಯಾಮಶಾಲೆಯೆಂದರೆ ಗರಡಿ. ತಗ್ಗಾದ ಬಾಗಿಲು, ಒಳಗೆ ಕತ್ತಲೆ, ಗೋಡೆಯಲ್ಲಿ ಆಂಜನೇಯ, ನಡುವೆ ಜರಡಿ ಹಿಡಿದ ಕೆಮ್ಮಣ್ಣಿನ ಮಟ್ಟಿ. ಆ ಮಣ್ಣಿಗೆ ಅರಿಶಿನ, ಎಣ್ಣೆ, ಕೆಲವು ಕಡೆ ಮಜ್ಜಿಗೆಯನ್ನೂ ಬೆರೆಸಿ ಹದಮಾಡುತ್ತಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಿನಲ್ಲಿ ಜಾತ್ರೆಯೆಂದರೆ ತೇರು, ತೇರಿನ ಹಿಂದೆ ದನಗಳ ಪರಿಷೆ, ಪರಿಷೆಯ ಹಿಂದೆ ಕುಸ್ತಿ. ಚನ್ನರಾಯಪಟ್ಟಣ ತಾಲ್ಲೂಕಿನ ಮಟ್ಟಿಗೆ ಈ ವಿದ್ಯೆಗೆ ಇನ್ನೂ ದೊಡ್ಡ ಸಾಕ್ಷಿಯಿದೆ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಸಾವಿರ ವರ್ಷಗಳಿಂದ ನಿಂತಿರುವ ಬಾಹುಬಲಿಯನ್ನು ನಾವು ತ್ಯಾಗಮೂರ್ತಿಯೆಂದು ಪೂಜಿಸುತ್ತೇವೆ. ಆದರೆ ಆತ ತ್ಯಾಗಕ್ಕೆ ಹೊರಟದ್ದು ಅಣ್ಣನನ್ನು ಮಲ್ಲಯುದ್ಧದಲ್ಲಿ ಗೆದ್ದ ಮೇಲೆ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದಲ್ಲಿ ಆ ಕಥೆ ಬರುತ್ತದೆ. ಕುಸ್ತಿಯ ಪೈಲ್ವಾನರೊಬ್ಬರ ಐವತ್ತೆಂಟು ಅಡಿಯ ಪ್ರತಿಮೆ ನಮ್ಮ ಜಿಲ್ಲೆಯಲ್ಲಿದೆ ಎಂದು ಹೇಳಿದರೆ ಭಕ್ತರು ಕೋಪಿಸಿಕೊಳ್ಳಬಾರದು.

ಪೈಲ್ವಾನರ ಊಟದ ಬಗ್ಗೆ ಬರೆದಿಟ್ಟವರಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಮುಖ್ಯನು. 12ನೆಯ ಶತಮಾನದ ಅವನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಭಾಗವೇ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳಿಂದ ವಿಂಗಡಿಸಿ, ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ ಇವುಗಳನ್ನು ಅರಸನೇ ಒದಗಿಸಬೇಕೆಂದು ಅಲ್ಲಿ ವಿಧಿಸಿದೆ. ಇದು ಆಸ್ಥಾನದ ಮಲ್ಲನ ಎಲೆ. ಮುಂದೆ ಮೈಸೂರು ಅರಮನೆಯ ಆಶ್ರಯದಲ್ಲಿ ದಸರೆಗೆ ವಜ್ರಮುಷ್ಟಿ ಕಾಳಗವಾಡುತ್ತಿದ್ದ ಜಟ್ಟಿಗಳಿಗೂ ಹಾಲು, ತುಪ್ಪ, ಬಾದಾಮಿ ಎಂಬ ಮಾತು ಸಲ್ಲುತ್ತಿತ್ತು. ಆದರೆ ಅರಕಲಗೂಡಿನ ಕಡೆಯ ಒಬ್ಬ ರಾಗಿ ಬೆಳೆಯುವ ರೈತನ ಮಗನಿಗೆ ಬಾದಾಮಿಯೆಲ್ಲಿ ಬರಬೇಕು? ಅವನು ಬೆಳಗಿನ ಜಾವ ಗರಡಿಯಲ್ಲಿ ಸಾಮು ಮಾಡಿ, ದಂಡೆ ಬಸ್ಕಿ ಹೊಡೆದು, ಮೈಮಣ್ಣು ತೊಳೆದುಕೊಂಡು ಹೊಲಕ್ಕೆ ನೇಗಿಲು ಹೊರುವವನು. ಅವನಿಗೆ ಮನೆಯಲ್ಲಿ ಕಾದಿದ್ದದ್ದು ರಾತ್ರಿ ಕಾಯಿಸಿಟ್ಟು, ಬೆಳಿಗ್ಗೆ ಮಜ್ಜಿಗೆ ಹೊಯ್ದು, ಉಪ್ಪು ಈರುಳ್ಳಿ ಹಾಕಿದ ರಾಗಿ ಅಂಬಲಿ. ಮಧ್ಯಾಹ್ನ ಮುದ್ದೆ, ಅದರ ಮೇಲೊಂದು ಚೆಂಬು ನೀರುಮಜ್ಜಿಗೆ. ತುಪ್ಪ ಹಬ್ಬಕ್ಕೆ, ಮಾಂಸ ಜಾತ್ರೆಗೆ. ಶಕ್ತಿಯ ಮಾತು ಬಂದಾಗಲೆಲ್ಲ ಹಾಲು ಬೆಣ್ಣೆಗಳ ಹೆಸರು ಹೇಳುತ್ತಿದ್ದರೂ ದಿನವೂ ಗಂಟಲಿಗಿಳಿಯುತ್ತಿದ್ದದ್ದು ಮಜ್ಜಿಗೆ.

ಯಾಕೆ ಹೀಗೆ? ಇದಕ್ಕೆ ಕಾರಣ ವೈದ್ಯವಲ್ಲ, ವ್ಯಾಪಾರ.

ಹಾಲು ಬೆಳಿಗ್ಗೆ ಕರೆದದ್ದು ಸಂಜೆಗೆ ಒಡೆಯುತ್ತದೆ. ಅದನ್ನು ಹತ್ತು ಮೈಲಿ ಆಚೆಯ ಪೇಟೆಗೆ ಒಯ್ಯುವ ಉಪಾಯ ಹಿಂದಿನವರಲ್ಲಿ ಇರಲಿಲ್ಲ. ಬೆಣ್ಣೆ ಎರಡು ಮೂರು ದಿನ ತಡೆಯುತ್ತದೆ, ತುಪ್ಪವಾದರೆ ತಿಂಗಳುಗಟ್ಟಲೆ. ಆದ್ದರಿಂದ ಹಳ್ಳಿಯಿಂದ ಹೊರಗೆ ಹೋಗಿ ಹಣ ತರುತ್ತಿದ್ದದ್ದು ಬೆಣ್ಣೆ ಮತ್ತು ತುಪ್ಪ. ಅರಸರಿಗೂ ಇದರ ಬೆಲೆ ತಿಳಿದಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ಇದ್ದ ಹೆಸರೇ ‘ಬೆಣ್ಣೆ ಚಾವಡಿ’. ಟಿಪ್ಪೂ ಸುಲ್ತಾನನು ಅದನ್ನೇ ‘ಅಮೃತ ಮಹಲ್’ ಎಂದು ಕರೆದನು. ಮುಂದೆ ಆ ತಳಿಗೆ ಹೆಸರು ಬಂದದ್ದು ಫಿರಂಗಿ ಎಳೆಯುವ ಎತ್ತುಗಳಿಂದ. ಮೂಲದ ಬೆಣ್ಣೆ ಮರೆತುಹೋಯಿತು. ಆ ದನಗಳಿಗಾಗಿ ಕಾಯ್ದಿಟ್ಟ ಕಾವಲುಗಳಲ್ಲಿ ಒಂದು ಚನ್ನರಾಯಪಟ್ಟಣ ತಾಲ್ಲೂಕಿನ ರಾಯಸಮುದ್ರದಲ್ಲಿದೆ. ಅರಮನೆಯ ಬೆಣ್ಣೆಯ ಕಥೆ ಇದಾದರೆ ಬಡವರ ಮನೆಯ ಬೆಣ್ಣೆ ಸಂತೆಗೆ ಹೋಗುತ್ತಿತ್ತು. ಎರಡೂ ಕಡೆ ಹಿಂದೆ ಉಳಿಯುತ್ತಿದ್ದದ್ದು ಒಂದೇ ವಸ್ತು. ಬೆಣ್ಣೆ ಹೋದ ಮೇಲಿನ ಮಜ್ಜಿಗೆಯನ್ನು ಯಾರೂ ಹೊತ್ತುಕೊಂಡು ಹೋಗುವಂತಿರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಆದ್ದರಿಂದ ಅದನ್ನು ಕುಡಿಯಬೇಕು, ಇಲ್ಲವೇ ಕೊಡಬೇಕು. ಮಜ್ಜಿಗೆ ಮಾರುವುದು ಗೃಹಸ್ಥರಿಗೆ ನಾಚಿಕೆಯ ಸಂಗತಿಯಾಗಿದ್ದದ್ದೂ, ಮಜ್ಜಿಗೆ ಕೇಳಲು ಬಂದವಳು ಚೆಂಬು ಬಚ್ಚಿಟ್ಟುಕೊಂಡಳೆಂಬ ಗಾದೆ ಹುಟ್ಟಿದ್ದೂ ಇದರಿಂದಲೇ. ಕೂಲಿಯವರಿಗೆ, ನೆರೆಯವರಿಗೆ, ಎಳೆಯ ಮಕ್ಕಳಿಗೆ, ಗರಡಿಯಿಂದ ಬಂದ ಹುಡುಗನಿಗೆ ಅದು ಧಾರಾಳವಾಗಿ ಸಿಗುತ್ತಿತ್ತು.

ಈ ಧಾರಾಳತನವನ್ನು ನೆನೆದು ಕಣ್ಣೀರು ಸುರಿಸುವ ಮುನ್ನ ಒಂದು ಮಾತು ಹೇಳಬೇಕು. ಕೊಡುವವರು ಜಗಲಿಯ ಮೇಲೆ ನಿಂತು ಮೇಲಿನಿಂದ ಹೊಯ್ಯುತ್ತಿದ್ದರು. ಪಡೆಯುವವರಲ್ಲಿ ಎಷ್ಟೋ ಜನ ಅಂಗಳದಲ್ಲಿ ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಆ ಮಜ್ಜಿಗೆಯಲ್ಲಿ ಕೃಪೆಯ ರುಚಿಯೂ ಇತ್ತು, ಅದು ಎಲ್ಲರಿಗೂ ಹಿಡಿಸುವ ರುಚಿಯಲ್ಲ.

ಇನ್ನು ಆ ಮಜ್ಜಿಗೆ ತಯಾರಾಗುತ್ತಿದ್ದ ಕ್ರಮ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಸರ್ಕಾರದ ವೈದ್ಯನು ಇದನ್ನು ಕುತೂಹಲದಿಂದ ಬರೆದುಕೊಂಡಿದ್ದಾನೆ. ಇಲ್ಲಿಯ ಜನ ಹಸಿಯ ಹಾಲಿನಿಂದ ಬೆಣ್ಣೆ ತೆಗೆಯುವುದೇ ಇಲ್ಲ. ಹಾಲನ್ನು ಬಹಳ ಹೊತ್ತು ಕಾಯಿಸಿ, ಆರಿಸಿ, ಹಳೆಯ ಮೊಸರಿನಿಂದ ಹೆಪ್ಪು ಹಾಕಿ, ಮರುದಿನ ಬೆಳಿಗ್ಗೆ ಕಡೆಯುತ್ತಾರೆ ಎಂಬುದು ಅವನ ವರದಿ. ಯೂರೋಪಿನವನಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ನಮಗೆ ಎಷ್ಟು ಸಹಜವೆಂದರೆ ಅದರೊಳಗಿನ ಯುಕ್ತಿ ಕಾಣುವುದೇ ಇಲ್ಲ. ಕಾಯಿಸಿದಾಗ ಹಾಲಿನಲ್ಲಿದ್ದ ಒಳ್ಳೆಯ ಕೆಟ್ಟ ಸೂಕ್ಷ್ಮಾಣುಗಳಲ್ಲಿ ಬಹುತೇಕ ಎಲ್ಲವೂ ಸಾಯುತ್ತವೆ. ಬೆರಳು ಬೆಚ್ಚಗಾಗುವಷ್ಟು ಆರಿದ ಮೇಲೆ ಹಾಕುವ ಒಂದು ಚಮಚ ಹೆಪ್ಪು, ಉತ್ತ ಗದ್ದೆಗೆ ಬಿತ್ತಿದ ಬೀಜದಂತೆ, ತನ್ನ ಸಂತತಿಯನ್ನೇ ಬೆಳೆಸುತ್ತದೆ. ಮನೆಯಲ್ಲಿ ಹೆಪ್ಪು ಮುಗಿದರೆ ನೆರೆಮನೆಯಿಂದ ತರಬೇಕು, ಅದೂ ದೀಪ ಹಚ್ಚುವುದರೊಳಗೆ. ಎಲ್ಲಿಯೂ ಸಿಗದಿದ್ದರೆ ಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪು ಹುಟ್ಟಿಸುವುದೂ ಹೆಂಗಸರಿಗೆ ಗೊತ್ತಿತ್ತು. ತೊಟ್ಟಿಗೆ ಅಂಟಿಕೊಂಡ ಸೂಕ್ಷ್ಮಾಣುಗಳು ಆ ಕೆಲಸ ಮಾಡುತ್ತವೆ. ಸುಮಾರು 1025ರ ‘ಲೋಕೋಪಕಾರ’ದಲ್ಲಿ ಇಮ್ಮಡಿ ಚಾವುಂಡರಾಯನು ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಇಡ್ಡಲಿಗೆ ಮಾಡುವ ಕ್ರಮ ಹೇಳಿರುವುದನ್ನು ನೋಡಿದರೆ ಈ ಗಡಿಗೆಯ ವಿದ್ಯೆ ಸಾವಿರ ವರ್ಷಕ್ಕೂ ಹಳೆಯದು.

ಹಾಸನದ ಜನರಿಗೆ ಇನ್ನೊಂದು ಅದ್ಭುತವೂ ಪರಿಚಯ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ಹಿಂದಿನ ವರ್ಷದ ದೀಪ ಉರಿಯುತ್ತಿರುತ್ತದೆ, ಇಟ್ಟ ನೈವೇದ್ಯ ಹಳಸಿರುವುದಿಲ್ಲ ಎಂಬುದು ನಂಬಿಕೆ. ಹಳಸದಿರುವುದು ದೇವಿಯ ಮಹಿಮೆಯಾದರೆ, ಹಳಸುವುದನ್ನೇ ಹಿಡಿದು ಪಳಗಿಸಿ ಊಟವಾಗಿ ಮಾಡಿಕೊಂಡದ್ದು ನಮ್ಮ ಹೆಣ್ಣುಮಕ್ಕಳ ಮಹಿಮೆ. ಇದಕ್ಕೆ ಗುಡಿ ಕಟ್ಟಿದವರಿಲ್ಲ.

ಹೆಪ್ಪಿನೊಳಗೆ ಇರುವುದೇನು ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ದೂರದಲ್ಲಿ. 1905ರಲ್ಲಿ ಜಿನೀವಾದಲ್ಲಿ ಓದುತ್ತಿದ್ದ ಸ್ತಾಮೆನ್ ಗ್ರಿಗೊರೋವ್ ಎಂಬ ಬಲ್ಗೇರಿಯದ ತರುಣನು ತನ್ನ ನಾಡಿನ ಮೊಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಡ್ಡಿಯಾಕಾರದ ಒಂದು ಜೀವಾಣುವನ್ನು ಗುರುತಿಸಿದನು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕೋವ್ ಅದನ್ನು ಹಿಡಿದು, ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಹುಳಿಹಾಲೇ ಕಾರಣವೆಂದು 1907ರ ತನ್ನ ಗ್ರಂಥದಲ್ಲಿ ವಾದಿಸಿದನು. ಮರುವರ್ಷ ಅವನಿಗೆ ನೊಬೆಲ್ ಬಹುಮಾನ ಬಂದಿತು, ಬೇರೆಯ ಸಂಶೋಧನೆಗಾಗಿ. ಆದರೂ ಮೊಸರಿಗೆ ಅದರ ಕೀರ್ತಿ ತಗಲಿತು. ಜಪಾನಿನ ವೈದ್ಯ ಮಿನೊರು ಶಿರೋಟ 1930ರಲ್ಲಿ ಕರುಳಿನವರೆಗೂ ಬದುಕಿ ಹೋಗಬಲ್ಲ ಒಂದು ತಳಿಯನ್ನು ಬೆಳೆಸಿ, 1935ರಿಂದ ಅದನ್ನು ಪುಟ್ಟ ಸೀಸೆಗಳಲ್ಲಿ ಮಾರಾಟಕ್ಕೆ ತಂದನು. ‘ಪ್ರೋಬಯಾಟಿಕ್’ ಎಂಬ ಹೆಸರು ವಿಜ್ಞಾನಿಗಳ ಬರಹದಲ್ಲಿ 1965ರ ಹೊತ್ತಿಗೆ ಬಂದಿತು. 2001ರಲ್ಲಿ ಅಂತರರಾಷ್ಟ್ರೀಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಕೂಡಿ ಅದರ ಅರ್ಥವನ್ನು ಬಿಗಿಮಾಡಿದರು: ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಉಪಕಾರ ಮಾಡುವ ಜೀವಂತ ಸೂಕ್ಷ್ಮಾಣು.

ಇಲ್ಲಿಯೇ ಅಜ್ಜಿಯ ಮಾತಿನ ಅರ್ಧ ಸುಳ್ಳು ಹೊರಬೀಳುತ್ತದೆ. ಯಾವ ತಳಿ, ಎಷ್ಟು ಸಂಖ್ಯೆ, ಯಾರ ಮೇಲೆ ಪರೀಕ್ಷಿಸಿದ್ದು ಎಂಬ ಮೂರು ಪ್ರಶ್ನೆಗೂ ಉತ್ತರವಿದ್ದರೆ ಮಾತ್ರ ಪ್ರೋಬಯಾಟಿಕ್. ನಮ್ಮ ದೇಶದ ನಿಯಮದಂತೆ ದಿನಕ್ಕೆ ಹತ್ತು ಕೋಟಿಗೆ ಕಡಿಮೆಯಿಲ್ಲದಷ್ಟು ಜೀವಂತ ಸೂಕ್ಷ್ಮಾಣುಗಳಿರಬೇಕು. ಮನೆಯ ಮಜ್ಜಿಗೆಯಲ್ಲಿ ಲೆಕ್ಕಕ್ಕೆ ಕೊರತೆಯಿಲ್ಲದಿರಬಹುದು; ಆದರೆ ಇಂದಿನ ಗಡಿಗೆ ನಾಳೆಯ ಗಡಿಗೆಯಂತಿಲ್ಲ, ಪಕ್ಕದ ಮನೆಯಂತೆಯೂ ಇಲ್ಲ. ಮೊಸರಿನ ಜೀವಾಣುಗಳಲ್ಲಿ ಅನೇಕವು ಜಠರದ ಹುಳಿಯನ್ನು ದಾಟುವುದೂ ಕಷ್ಟ. ಮಜ್ಜಿಗೆಹುಳಿ ಮಾಡಿ ಕುದಿಸಿದರಂತೂ ಏನೂ ಉಳಿಯದು. ಆದರೂ ಮಜ್ಜಿಗೆಯ ಒಂದು ಗುಣವನ್ನು ಕಟ್ಟುನಿಟ್ಟಿನವರೂ ಒಪ್ಪಿದ್ದಾರೆ. ಇಂತಹ ಹೇಳಿಕೆಗಳನ್ನು ಬಹುಮಟ್ಟಿಗೆ ತಳ್ಳಿಹಾಕಿದ ಯೂರೋಪಿನ ಆಹಾರ ಪ್ರಾಧಿಕಾರ 2010ರಲ್ಲಿ, ಜೀವಂತ ಮೊಸರು ಹಾಲಿನ ಸಕ್ಕರೆಯನ್ನು ಅರಗಿಸಲು ನೆರವಾಗುತ್ತದೆಂಬುದನ್ನು ಮಾತ್ರ ಅಂಗೀಕರಿಸಿತು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಪೈಲ್ವಾನ ಮಜ್ಜಿಗೆ ಕುಡಿದು ಹಗುರಾಗಿರುತ್ತಿದ್ದದ್ದು ಬರಿಯ ಭ್ರಮೆಯಲ್ಲ.

ಸೀಸೆಯ ಮಾತು ಎಷ್ಟು ನಿಜ? ಕ್ರೀಡಾಪಟುವಿನ ಹೊಟ್ಟೆಗೆ ವಿಶೇಷವಾದ ಕಷ್ಟವೊಂದಿದೆ. ದೀರ್ಘಕಾಲ ಬಿರುಸಾಗಿ ಓಡುವಾಗ ರಕ್ತವೆಲ್ಲ ಸ್ನಾಯುಗಳ ಕಡೆಗೂ ಚರ್ಮದ ಕಡೆಗೂ ನುಗ್ಗಿ ಕರುಳು ಬಡವಾಗುತ್ತದೆ; ಅದರ ಒಳಗೋಡೆ ಸಡಿಲವಾಗಿ ವಾಕರಿಕೆ, ಹೊಟ್ಟೆನುಲಿತ, ಭೇದಿಗಳು ಕಾಣಿಸಿಕೊಳ್ಳುತ್ತವೆ. ಕಠಿಣವಾದ ಅಭ್ಯಾಸದ ದಿನಗಳಲ್ಲಿ ಬಾಯಿ ಮೂಗುಗಳ ಕಾವಲು ಕಾಯುವ ರಕ್ಷಕ ದ್ರವ್ಯವೂ ತಗ್ಗಿ, ಶೀತ ಕೆಮ್ಮು ಸುಲಭವಾಗಿ ಹತ್ತಿಕೊಳ್ಳುತ್ತದೆ. ಪರೀಕ್ಷೆಗಳು ನಡೆದದ್ದು ಈ ಎರಡು ತೊಂದರೆಗಳ ಮೇಲೆ. 2007ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ 141 ಮ್ಯಾರಥಾನ್ ಓಟಗಾರರಿದ್ದರು. ಜೀವಾಣು ಸೇವಿಸಿದವರಿಗೂ ಸೇವಿಸದವರಿಗೂ ಶೀತದ ವಿಷಯದಲ್ಲಿ ಭೇದವಿರಲಿಲ್ಲ. ಆದರೆ ಓಟದ ನಂತರ ಹೊಟ್ಟೆಯ ತೊಂದರೆ ಒಂದು ಗುಂಪಿನಲ್ಲಿ ಸರಾಸರಿ ಒಂದು ದಿನ, ಇನ್ನೊಂದರಲ್ಲಿ ಎರಡು ದಿನಕ್ಕೂ ಹೆಚ್ಚು ಉಳಿಯಿತು. 2010ರಲ್ಲಿ ಆಸ್ಟ್ರೇಲಿಯದವರು ಇಪ್ಪತ್ತು ಮಂದಿ ಉತ್ತಮ ಓಟಗಾರರಿಗೆ ಬೇರೊಂದು ತಳಿಯನ್ನು ಕೊಟ್ಟು ನೋಡಿದಾಗ, ಶೀತ ಕೆಮ್ಮಿನ ಒಟ್ಟು ದಿನಗಳು 72ರ ಬದಲು 30 ಆದವು. ಮರುವರ್ಷ 99 ಸೈಕಲ್ ಸವಾರರ ಮೇಲೆ ನಡೆದ ಪರೀಕ್ಷೆಯಲ್ಲಿ ಗಂಡಸರಿಗೆ ಅನುಕೂಲವಾಯಿತು, ಹೆಂಗಸರಿಗೆ ಆಗಲಿಲ್ಲ. 2019ರಲ್ಲಿ ಅಮೆರಿಕದವರು ಮ್ಯಾರಥಾನ್ ಓಟಗಾರರ ಕರುಳಿನಿಂದ ವೆಯ್ಲೊನೆಲ್ಲ ಎಂಬ ಜೀವಾಣುವನ್ನು ತೆಗೆದು ಇಲಿಗಳಿಗೆ ಕೊಟ್ಟರೆ ಅವು ನೂರಕ್ಕೆ ಹದಿಮೂರರಷ್ಟು ಹೆಚ್ಚು ಹೊತ್ತು ಓಡಿದವು. ಈ ಜೀವಾಣುವಿನ ಆಹಾರ ಲ್ಯಾಕ್ಟಿಕ್ ಆಮ್ಲ. ದಣಿದ ಸ್ನಾಯುವಿನಲ್ಲಿ ಹುಟ್ಟುವುದೂ ಮೊಸರಿಗೆ ಹುಳಿ ಕೊಡುವುದೂ ಅದೇ. ಆದರೆ ಇಲಿಗೆ ಆದದ್ದು ಮನುಷ್ಯನಿಗೂ ಆಗುವುದೆಂದು ಡಬ್ಬಿ ಮಾರುವವರು ಹೇಳಬಹುದು, ನಾವು ಹೇಳಲಾರೆವು.

ಇಷ್ಟನ್ನೂ ಕೂಡಿಸಿ ನೋಡಿದರೆ, ತೋಳಿಗೆ ಬಲ ಬಂದಿತೆಂದು ಹೇಳಲು ಗಟ್ಟಿಯಾದ ಆಧಾರವಿಲ್ಲ. ಕೆಲವು ತಳಿಗಳು ಕೆಲವರಿಗೆ ಕಾಯಿಲೆಯ ದಿನಗಳನ್ನು ಕಡಿಮೆ ಮಾಡಿವೆ. ಇದು ಸಣ್ಣ ಲಾಭವೆಂದು ತೋರಬಹುದು. ಆದರೆ ಜಾತ್ರೆಯ ಕುಸ್ತಿಗೆ ಜೋಡಿ ಕಟ್ಟಿಯಾದ ಮೇಲೆ ಹೊಟ್ಟೆ ಕೆಟ್ಟು ಮಲಗಿದ ಪೈಲ್ವಾನನನ್ನೋ, ವರ್ಷವೆಲ್ಲ ಓಡಿ ಆಯ್ಕೆಯ ದಿನ ಜ್ವರ ಬಂದ ಹುಡುಗಿಯನ್ನೋ ಕೇಳಿದರೆ ಒಂದು ದಿನದ ಬೆಲೆ ಎಷ್ಟೆಂದು ಹೇಳಿಯಾರು. ತಳಿಯ ಹೆಸರೂ ಪ್ರಮಾಣವೂ ಬರೆಯದ ಡಬ್ಬಿಯನ್ನು ಕೂಲಿಯ ದುಡ್ಡಿನಲ್ಲಿ ಕೊಳ್ಳುವುದು ಮಾತ್ರ ದಂಡ. ಅಷ್ಟೇ ದುಡ್ಡಿಗೆ ಆಕೆ ಮೊಟ್ಟೆ, ಕಾಳು, ಮೊಸರು ತಿನ್ನಬಹುದು. ಬೆವರಿನಲ್ಲಿ ಹೋದ ನೀರು ಉಪ್ಪುಗಳನ್ನು ಮರಳಿಸುವ ಕೆಲಸವನ್ನು ಉಪ್ಪು ಹಾಕಿದ ನೀರುಮಜ್ಜಿಗೆ ಬಹಳ ಚೆನ್ನಾಗಿ ಮಾಡುತ್ತದೆ, ಅದಕ್ಕೆ ಹೊಯ್ದ ನೀರು ಶುದ್ಧವಾಗಿದ್ದರೆ.

ಆದರೆ ಆ ಮಜ್ಜಿಗೆ ಎಲ್ಲಿದೆ? ಅರಕಲಗೂಡಿನ ಗಡಿಗೆ ದೂರವಲ್ಲದ ಕೊಡಗಿನ ಕೂಡಿಗೆಯಲ್ಲಿ 1955ರಲ್ಲಿ ರಾಜ್ಯದ ಮೊದಲ ಡೈರಿ ಆರಂಭವಾಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ನಿಗಮ ಸ್ಥಾಪಿತವಾಗಿ, 1977ರಲ್ಲಿ ಹಾಸನದ ಹಾಲು ಒಕ್ಕೂಟ ಹುಟ್ಟಿತು. 1984ರಲ್ಲಿ ಇಡೀ ರಾಜ್ಯಕ್ಕೆ ಹಾಲು ಮಹಾಮಂಡಳಿ. ಹಳ್ಳಿ ಹಳ್ಳಿಯಲ್ಲಿ ಸಂಘ, ಬೆಳಿಗ್ಗೆ ಸಂಜೆ ಕ್ಯಾನು, ಜಿಡ್ಡಿನ ಪರೀಕ್ಷೆ, ಹದಿನೈದು ದಿನಕ್ಕೊಮ್ಮೆ ಬಟವಾಡೆ. ಒಡೆಯುವ ಹಾಲನ್ನು ತಂಪುಮಾಡಿ ದೂರಕ್ಕೆ ಒಯ್ಯುವ ಉಪಾಯ ಬಂದ ದಿನವೇ ಸಾವಿರಾರು ವರ್ಷದ ಬೆಣ್ಣೆಯ ವ್ಯಾಪಾರ ತಲೆಕೆಳಗಾಯಿತು. ಬೆಣ್ಣೆ ಹಾಲಿನೊಳಗೇ ಕುಳಿತು ಊರು ಬಿಟ್ಟಿತು. ಜೊತೆಗೆ ಮಜ್ಜಿಗೆಯೂ ಹೋಯಿತು. ಹೀಗೆ ಆಗಬಾರದಿತ್ತು ಎಂದು ಹೇಳುವವರು ಹಾಲಿನ ದುಡ್ಡಿನಲ್ಲಿ ಮಗಳನ್ನು ಹಾಸನದ ಕಾಲೇಜಿಗೆ ಕಳಿಸಿದ ತಾಯಿಯ ಮುಂದೆ ನಿಂತು ಹೇಳಬೇಕು. ಅಂಗಳದಲ್ಲಿ ಬೊಗಸೆಯೊಡ್ಡುತ್ತಿದ್ದವರ ಮೊಮ್ಮಕ್ಕಳು ಸಂಘದಲ್ಲಿ ಸದಸ್ಯರಾಗಿ ತಮ್ಮ ಹಸುವಿನ ಹಾಲು ಅಳೆದು ಲೆಕ್ಕ ಕೇಳುವಂತಾದದ್ದೂ ಇದರಿಂದಲೇ. 2013ರಲ್ಲಿ ಸರ್ಕಾರ ಕ್ಷೀರಭಾಗ್ಯ ಯೋಜನೆಯನ್ನು ತಂದಾಗ, ಊರಿನಿಂದ ಹೋದ ಹಾಲು ಪುಡಿಯಾಗಿ ಊರಿನ ಶಾಲೆಯ ಮಕ್ಕಳ ಲೋಟಕ್ಕೆ ಮರಳಿ ಬಂದಿತು. ಮಜ್ಜಿಗೆ ಮರಳಿದ್ದು ಪ್ಯಾಕೆಟ್ಟಿನಲ್ಲಿ, ಬೆಲೆ ಹೊತ್ತು. ಮಜ್ಜಿಗೆ ಮಾರುವುದಕ್ಕೆ ಈಗ ಯಾರೂ ನಾಚುವುದಿಲ್ಲ.

ಬೆಳಗೊಳದ ಗುಳ್ಳಕಾಯಜ್ಜಿಯ ಕಥೆ ಓದುಗರಿಗೆ ತಿಳಿದೇ ಇದೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದಕ್ಕಿಳಿಯಲಿಲ್ಲ. ಅಜ್ಜಿಯ ಗುಳ್ಳದಷ್ಟು ಹಾಲು ಮೂರ್ತಿಯನ್ನೆಲ್ಲ ತೋಯಿಸಿ ಹರಿಯಿತು. ಹೆಪ್ಪಿನ ಲೆಕ್ಕವೂ ಹಾಗೆಯೇ, ಒಂದು ಚಮಚಕ್ಕೆ ಒಂದು ಗಡಿಗೆ. ಈಗ ಈ ನಾಲ್ಕು ತಾಲ್ಲೂಕುಗಳಲ್ಲಿ ಹಾಲು ಕಾಯಿಸುವ ಮನೆಗಳಲ್ಲಿಯೂ ಬಹಳ ಕಡೆ ಹೆಪ್ಪಿಗೆ ಹಾಕುವುದು ಅಂಗಡಿಯ ಪ್ಯಾಕೆಟ್ ಮೊಸರನ್ನು. ಅಂದರೆ ಅರಕಲಗೂಡಿನ ಅಡುಗೆಮನೆಯ ಮೊಸರು ಇಂದು ಡೈರಿಯ ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಾಣುವಿನ ಸಂತತಿ. ಅದು ಶುದ್ಧವಾದದ್ದು, ಒಂದೇ ಸಮನಾದದ್ದು. ಅತ್ತೆಯಿಂದ ಸೊಸೆಗೆ, ತವರಿನಿಂದ ಗಂಡನ ಮನೆಗೆ, ನೆರೆಯವಳ ಬಟ್ಟಲಿನಿಂದ ಬಟ್ಟಲಿಗೆ ಸಾಗಿ ಬಂದ ಹಳೆಯ ಹೆಪ್ಪು ಹೇಮಾವತಿಯ ದಡದ ಯಾವುದೋ ಮನೆಯಲ್ಲಿ ಇನ್ನೂ ಪ್ರತಿರಾತ್ರಿ ಹಾಲಿಗೆ ಬೀಳುತ್ತಿರಬಹುದು. ಆ ಮನೆಯ ಹೆಂಗಸು ಎರಡು ದಿನ ಊರಿಗೆ ಹೋಗುವಾಗ, ಹೆಪ್ಪು ಕೆಡದಂತೆ ನೋಡಿಕೊಳ್ಳಿರೆಂದು ಪಕ್ಕದ ಮನೆಗೆ ಒಂದು ಬಟ್ಟಲು ಕೊಟ್ಟು ಹೋಗುತ್ತಾಳೆ.